ಇಟ್ಟಿಗೆ ಕಮಲದ ಆಚೆ, ಈಚೆ

ಹಳೆಯ ಸುಣ್ಣದ ಗಚ್ಚಿನ ಮೇಲೆ ನೀರು ಬಿದ್ದರೆ ಏಳುವ ವಾಸನೆ ಮಳೆಗೆ ನೆನೆದ ಮಣ್ಣಿನ ವಾಸನೆಯಲ್ಲ. ಅದರಲ್ಲಿ ಸ್ವಲ್ಪ ಹೊಗೆ ಇರುತ್ತದೆ, ಸ್ವಲ್ಪ ಬೆಲ್ಲ ಇರುತ್ತದೆ, ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆಯ ತಂಪು ಇರುತ್ತದೆ. ಒಂದು ಬೇಸಿಗೆಯಲ್ಲಿ ಯಜಮಾನರ ಊಟದ ಡಬ್ಬಿ ಹಿಡಿದು ಹುಮನಾಬಾದಿನ ಹಳೆ ಬಜಾರಿನ ನಮ್ಮ ಅರಿವೆ ಅಂಗಡಿಗೆ ಹೋದಾಗ ಆ ವಾಸನೆ ಮೂಗಿಗೆ ಬಡಿಯಿತು. ಎದುರಿನ ಬಳೆ ಅಂಗಡಿಯ ಮಾಳಿಗೆ ಕೆಡವುತ್ತಿದ್ದರು. ಧೂಳು ಏಳದಿರಲೆಂದು ಒಬ್ಬ ಆಳು ಪೈಪಿನಿಂದ ನೀರು ಹೊಡೆಯುತ್ತಿದ್ದ. ಕೆಂಪು ನೀರು ಗಟಾರಕ್ಕೆ ಇಳಿಯುತ್ತಿತ್ತು. ನಾವು ಮಾಣಿಕನಗರದ ಕಡೆ ಹೊಸ ಮನೆ ಕಟ್ಟಿಕೊಂಡು ಹೋಗಿ ಆಗಲೇ ಕೆಲವು ವರ್ಷ ಆಗಿತ್ತು. ಆದರೂ ನಾನು ಡಬ್ಬಿ ಹಿಡಿದುಕೊಂಡೇ ಬೀದಿಯಲ್ಲಿ ನಿಂತೆ. ಮದುವೆಯಾಗಿ ಈ ಬಜಾರಿಗೆ ಬಂದ ವರ್ಷದ ಮಳೆಗಾಲ ಇಡಿಯಾಗಿ ಎದುರು ಬಂತು.

ತೊಂಬತ್ತರ ದಶಕದ ನಡುವಿನ ಮಾತು. ನನ್ನ ತವರು ಬಸವಕಲ್ಯಾಣ, ಕೋಟೆಯ ಹಿಂದಿನ ಓಣಿ. ಅಲ್ಲಿ ಹೆಣ್ಣುಮಕ್ಕಳು ಬಾಗಿಲಲ್ಲಿ ಕೂತು ಕಾಳು ಹಸನು ಮಾಡುತ್ತ ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದರು. ಮದುವೆ ಮುಗಿಸಿ ಹುಮನಾಬಾದಿಗೆ ಬಂದಾಗ ಜೀಪು ಬಜಾರಿನ ಬಾಯಲ್ಲೇ ನಿಂತಿತು. ಅಲ್ಲಿಂದ ಸೆರಗು ಹೊದ್ದು, ತಲೆ ಬಗ್ಗಿಸಿ ನಡೆಯಬೇಕು. ನಾನು ಒಮ್ಮೆ ತಲೆ ಎತ್ತಿಬಿಟ್ಟೆ.

ಕೆಳಗೆ ಕರಿಕಲ್ಲಿನ ಕಟ್ಟೆ. ಅದರ ಮೇಲೆ ಮೂರು ಕಮಾನು, ಕಮಾನಿನ ಅಂಚಿಗೆ ಹಲ್ಲು ಜೋಡಿಸಿದ ಹಾಗೆ ಸಣ್ಣ ಇಟ್ಟಿಗೆಗಳು. ಮಾಳಿಗೆಗೆ ಕಿಟಕಿಯೇ ಇರಲಿಲ್ಲ. ಆ ಜಾಗದಲ್ಲಿ ಇಟ್ಟಿಗೆಯಲ್ಲೇ ಹೆಣೆದ ಜಾಲರಿ. ಅಚ್ಚಿನಲ್ಲಿ ಒತ್ತಿ ಸುಟ್ಟ ದಳಗಳನ್ನು ಕೂಡಿಸಿ ಕಮಲ ಮಾಡಿದ್ದರು. ಪ್ರತಿ ಕಮಲದ ನಡುವೆ ಒಂದು ಕೈ ತೂರುವಷ್ಟು ಕಿಂಡಿ. ಎಲ್ಲಕ್ಕೂ ಮೇಲೆ ಮುಖಾಮುಖಿ ಕೂತ ಎರಡು ಇಟ್ಟಿಗೆ ಗಿಳಿ. ಹಿಂತಿರುಗಿ ನೋಡಿದರೆ ಎದುರಿನ ಮಾಳಿಗೆಗೂ ಅಂಥವೇ ಕಮಾನು, ಅಂಥವೇ ಕಮಲ. ಗಿಳಿ ಇರಬೇಕಾದಲ್ಲಿ ಮಾತ್ರ ಹೂಕುಂಡ. ನಿಜಾಮರ ಕಾಲದಲ್ಲಿ ಒಬ್ಬನೇ ಗೌಂಡಿ ಎರಡೂ ಮಾಳಿಗೆ ಕಟ್ಟಿದನೆಂದು ಮನೆಯಲ್ಲಿ ಹೇಳುತ್ತಿದ್ದರು. "ಹೊಸಾ ಸೊಸಿ ಆಕಾಶ ನೋಡಾಕತ್ತಾಳ" ಎಂದು ಯಾರೋ ಮುದುಕಿ ಗದರಿಸಿದಳು. ನಾನು ತಲೆ ತಗ್ಗಿಸಿದೆ.

ಹಾಗೆ ಮುಂಬಾಗಿಲಿನಿಂದ ಒಳಗೆ ಬಂದದ್ದು ಅದೊಂದೇ ಸಲ. ಆಮೇಲೆ ಹೆಂಗಸರ ದಾರಿ ಹಿತ್ತಲಿನ ಓಣಿ. ಮುಂದಿನದು ಅಂಗಡಿ, ಅಂಗಡಿ ಗಂಡಸರದು. ಗುಡಿಗೆ ಹೋಗಲಿ, ದವಾಖಾನೆಗೆ ಹೋಗಲಿ, ಹಿಂದಿನ ಬಾಗಿಲಿನಿಂದಲೇ. ಎದುರಿನ ಮನೆಗೂ ಹಾಗೆಯೇ. ಅವರ ಹಿತ್ತಲ ಬಾಗಿಲು ಬೇರೆ ಮೊಹಲ್ಲಾಕ್ಕೆ ತೆರೆಯುತ್ತಿತ್ತು. ಬೀದಿ ದಾಟಿದರೆ ಹತ್ತು ಹೆಜ್ಜೆ, ಹಿಂದಿನಿಂದ ಹೋದರೆ ಇಡೀ ಬಜಾರು ಸುತ್ತಬೇಕು.

ನಮ್ಮ ಅತ್ತೆಯ ಹೆಸರು ನೀಲಮ್ಮ. ಕಡಿಮೆ ಮಾತಿನ ಹೆಂಗಸು ಎಂದು ತವರಿನಲ್ಲೇ ಕೇಳಿದ್ದೆ. ಬೆಳಿಗ್ಗೆ ಪೂಜೆ, ರೊಟ್ಟಿ, ಬುತ್ತಿ. ಕೇಳಿದ್ದಕ್ಕೆ ಉತ್ತರ. ಗಂಡಸರ ಎದುರಿಗೆ ಅಷ್ಟೂ ಇಲ್ಲ. ಒಂದು ವಾರ ಕಳೆದಿರಬೇಕು, ಮಧ್ಯಾಹ್ನ ಊಟವಾಗಿ ಅಂಗಡಿ ಮುಚ್ಚಿತ್ತು, ಬಜಾರಿನಲ್ಲಿ ಕಾಗೆಯ ದನಿ ಬಿಟ್ಟರೆ ಸದ್ದಿಲ್ಲ. ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದೆ. ಅತ್ತೆ ಜಾಲರಿಗೆ ಒತ್ತಿ ಕೂತು ಗಳಗಳನೆ ಮಾತಾಡುತ್ತಿದ್ದರು, ನಗುತ್ತಿದ್ದರು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಆಗ ಎದುರಿನ ಮಾಳಿಗೆಯ ಕಮಲದ ನಡುವಿನಿಂದ ಹಸಿರು ಬಳೆಯ ಕೈಯೊಂದು ಹೊರಗೆ ಬಂದು, ಬೆರಳು ಬಿಚ್ಚಿ, ಮಡಿಸಿ, ನನ್ನ ಕಡೆ ತಿರುಗಿತು.

"ಏ ನೀಲಕ್ಕಾ, ನಿನ್ ಬಹೂ ಬಂದಾಳ ನೋಡ ಹಿಂದ. ಇಷ್ಟ್ ದಿನಾ ಛುಪಾ ಮಾಡಿ ಇಟ್ಟಿದ್ದಿ ಏನ?"

ಅತ್ತೆ ತಿರುಗಿ ನೋಡಿದರು. ಕೆನ್ನೆ ಕೆಂಪಾಗಿತ್ತು. "ಬಾ ಇಲ್ಲಿ, ಕೂಡು. ಹಸೀನಾ ಬೀ ಅಂತ. ಬಳಿ ಅಂಗಡಿ ಖಾದರ್ ಸಾಬರ ಹೆಂಡತಿ. ನೀ ಆಪಾ ಅನ್ನು."

ಅವರಿಬ್ಬರ ಸ್ನೇಹ ಮೂವತ್ತು ವರ್ಷದ್ದು. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು. ಮದುವೆ ಮುಂಜಿಗಳಲ್ಲಿ ನೂರಾರು ಜನರ ನಡುವೆ ಕಂಡು ಚೆನ್ನಾಗಿದ್ದೀರಾ ಎಂದದ್ದುಂಟು. ಆದರೆ ಮಾತೆಲ್ಲ ಇಲ್ಲಿ, ಅಂಗಡಿ ಮುಚ್ಚಿದ ಹೊತ್ತಿನಲ್ಲಿ, ಜಾಲರಿಯಿಂದ ಜಾಲರಿಗೆ. ಬೀದಿಯಲ್ಲಿ ಯಾರಾದರೂ ಬಂದರೆ ಮಾತು ನಿಲ್ಲಿಸಿ ಕೈ ಆಡಿಸುತ್ತಿದ್ದರು. ಬೆರಳು ಚಿವುಟಿದಂತೆ ಮಾಡಿದರೆ ಜಗಳ, ಅಂಗೈ ತಿರುವಿದರೆ ರೊಟ್ಟಿ, ಬಳೆ ಮೇಲಕ್ಕೆ ಸರಿಸಿದರೆ ತವರಿನ ಸುದ್ದಿ. ಮಕ್ಕಳ ಜ್ವರ, ಅತ್ತೆಯಂದಿರ ಕಾಟ, ಸತ್ತು ಹುಟ್ಟಿದ ಒಂದು ಕೂಸು, ಎಲ್ಲವೂ ಆ ಕಿಂಡಿಗಳಿಂದ ಆಚೆಗೆ ಹೋಗಿ ಈಚೆಗೆ ಬಂದಿದ್ದವು.

ನಾನೂ ದಿನಾ ಹೋಗಿ ಕೂರತೊಡಗಿದೆ. ಮನೆ ನೆನಪಾಗಿ ಅಳು ಬಂದ ದಿನ ಅತ್ತೆಗಿಂತ ಮೊದಲು ಕಂಡದ್ದು ಆಪಾಗೆ. "ಯಾಕವಾ, ಮೂಗ ಎಳ್ಯಾಕತ್ತೀಯಲ್ಲ? ಕಲ್ಯಾಣ ಏನ್ ಲಂಡನ್ ಅದ ಏನ? ಬಸ್ ಹತ್ತಿ ಕಣ್ ಮುಚ್ಚಿ ತೆಗಿಯೂದ್ರಾಗ ಬರ್ತದ." ನಾನು ಅಳುತ್ತಲೇ ನಕ್ಕೆ. ಮರುದಿನ ಹೂ ಮಾರುವವಳ ಕೈಯಲ್ಲಿ ಒಂದು ಸಣ್ಣ ಪೊಟ್ಟಣ ಬಂತು, ಒಳಗೆ ನನ್ನ ಅಳತೆಯ ಬಳೆ. ಬೀದಿಯಾಚೆಯಿಂದ ನೋಡಿಯೇ ಕೈಯ ಅಳತೆ ಹಿಡಿದಿದ್ದರು.

ಆ ವರ್ಷ ಮಳೆ ಜೋರಾಗಿಯೇ ಹಿಡಿಯಿತು. ಬಿತ್ತಿದ ಉದ್ದು, ಹೆಸರಿನ ಹೊಲಗಳಲ್ಲಿ ನೀರು ನಿಂತಿದೆಯೆಂದು ಹಳ್ಳಿಯಿಂದ ಬಂದ ಗಿರಾಕಿಗಳು ಹೇಳುತ್ತಿದ್ದರು. ನಮ್ಮ ಮುಂಗೋಡೆ ನೀರು ಕುಡಿದು ಕುಡಿದು ಹಣ್ಣಾದ ನೇರಳೆಯ ಬಣ್ಣಕ್ಕೆ ತಿರುಗಿತು. ಗಿಳಿಗಳ ನಡುವೆ ಒಂದು ಅರಳಿ ಸಸಿ ಎದ್ದು, ಎಲೆ ಬಿಟ್ಟು, ಗಾಳಿಗೆ ಆಡುತ್ತಿತ್ತು. ಆಪಾ ಅದನ್ನು ದಿನವೂ ನೋಡಿ ಎಚ್ಚರಿಸುತ್ತಿದ್ದರು. "ನೀಲಕ್ಕಾ, ಆ ಗಿಡಾ ಕೀಳಸ. ಬೇರ ಒಳಗ ಹೊಂಟದ." ಜಾಲರಿಯ ಒಳಗಿದ್ದ ಅತ್ತೆಗೆ ಅದು ಕಾಣುತ್ತಿರಲಿಲ್ಲ. ಮಾವನಿಗೆ ಹೇಳಬೇಕೆಂದರೆ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಹಾಗಾಗಿ ಸುಮ್ಮನಿದ್ದರು.

ಪಂಚಮಿಗೆ ಅಣ್ಣ ಬಂದು ನನ್ನನ್ನು ತವರಿಗೆ ಕರೆದುಕೊಂಡು ಹೋದ. ಜೋಕಾಲಿ ಆಡಿ, ಉಂಡಿ ತಿಂದು, ಅವ್ವನ ಮುಂದೆ ಎದುರು ಮಾಳಿಗೆಯ ಕೈಯ ಕಥೆ ಹೇಳಿದೆ. ಅವ್ವ ಹೆರಳು ಹಾಕುತ್ತಿದ್ದವಳು ಕೈ ನಿಲ್ಲಿಸಿ, "ನಿಮ್ಮತ್ತಿ ಪುಣ್ಯವಂತಿ ಅದಾಳ. ನನಗ ಹಂಗ ಮಾತಾಡಾಕ ಯಾರೂ ಸಿಗಲಿಲ್ಲ" ಎಂದಳು. ಬಾಗಿಲಲ್ಲಿ ಕೂತು ಓಣಿಯನ್ನೆಲ್ಲ ಮಾತಾಡಿಸುವ ನನ್ನ ಅವ್ವ ಈ ಮಾತು ಹೇಳಿದಳು.

ಹಬ್ಬ ಮುಗಿಸಿ ವಾಪಸು ಬರುವಷ್ಟರಲ್ಲಿ ಹುಮನಾಬಾದಿನಲ್ಲಿ ಮನೆಯ ಗಾಳಿ ಬದಲಾಗಿತ್ತು. ಹಿಂದಿನ ದಿನ ಸಂಜೆ ಗಿಳಿಯ ಬುಡದಿಂದ ಒಂದು ದೊಡ್ಡ ತುಂಡು ಕಳಚಿ, ಅಂಗಡಿಯ ತಗಡು ಹರಿದು, ಕಟ್ಟೆಯ ಮೇಲೆ ಬಿದ್ದಿತ್ತು. ಕಟ್ಟೆಯ ಮೇಲೆ ಮಗುವನ್ನು ಮಲಗಿಸಿ ಸೀರೆ ಆರಿಸುತ್ತಿದ್ದ ಹೆಂಗಸೊಬ್ಬಳು, ಮಗು ಅತ್ತಿತೆಂದು ಎತ್ತಿಕೊಂಡದ್ದು ಆ ಗಳಿಗೆಯಲ್ಲೇ, ಅದಕ್ಕೇ ಮಗು ಉಳಿಯಿತು. ಮಾವ ಅಂದು ಊಟ ಮಾಡಿರಲಿಲ್ಲ.

ಹತ್ತಿರದ ಹುಡಗಿ ಊರಿನಿಂದ ತುಕಾರಾಮ ಗೌಂಡಿಯನ್ನು ಕರೆಸಿದರು. ಅವನು ಏಣಿ ಹಾಕಿ ಮುಟ್ಟಿ, ತಟ್ಟಿ, ಇಳಿದು ಬಂದ. "ಕೆಳಗಿನ ಕಮಾನು ಗಟ್ಟಿ ಅದಾವ್ರಿ ಸಾವಕಾರ. ಅವಕ್ಕ ನಾ ಗಚ್ಚ ತುಂಬಿ ಕೊಡ್ತೀನಿ. ಮ್ಯಾಲಿನ ಗ್ವಾಡಿ ಹೊಟ್ಟಿ ಬಂದದ. ಅದನ್ನ ಇಳಸಾಕೇಬೇಕ್ರಿ."

"ಇಳಸಿ ಏನ್ ಮಾಡೂದು?" ಮಾವ ಕೇಳಿದರು.

"ಗ್ಯಾಲರಿ ಮಾಡ್ರಪಾ" ಎಂದರು ನನ್ನ ಯಜಮಾನರು, ಶಿವರಾಜ. "ಕಬ್ಬಿಣದ ಕಟಾಂಜನ, ಕೆಳಗ ಶಟರ್. ಬೀದರದಾಗ ಎಲ್ಲಾರೂ ಹಂಗ ಮಾಡಾಕತ್ತಾರ."

ಆ ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಅತ್ತೆ, ನಾನು ಬಂದ ಮೇಲೆ ಮೊದಲ ಸಲ, ಗಂಡಸರ ಮುಂದೆ ಕೇಳದೆಯೇ ಮಾತಾಡಿದರು. "ಮ್ಯಾಲಿನ ಜಾಲರಿ ಕೆಡವಬ್ಯಾಡ್ರಿ."

ಮಾವ ತುತ್ತು ಎತ್ತಿದವರು ನೋಡಿದರು. "ಯಾಕ?"

ಅತ್ತೆ ಪಲ್ಯದ ಸವಟು ತಿರುಗಿಸಿದರು. "ಗಾಳಿ ಬರ್ತದ."

"ಫ್ಯಾನ್ ಹಾಕ್ಸೂಣಬೇ ಅವ್ವಾ" ಎಂದು ಶಿವರಾಜ ನಕ್ಕರು. ಅತ್ತೆ ನಗಲಿಲ್ಲ. ಒಳಗೆ ಹೋದರು.

ಯಜಮಾನರು ಕೈ ತೊಳೆಯಲು ಹಿತ್ತಲಿಗೆ ಬಂದಾಗ ನೀರು ಹಾಕುತ್ತ ಹೇಳಿಬಿಟ್ಟೆ. "ಏನ್ರಿ, ಅತ್ತೇರಿಗೆ ಬೇಕಾಗಿದ್ದು ಗಾಳಿ ಅಲ್ಲ. ಅಲ್ಲಿ ಕೂತು ಅವರು ಎದುರು ಮನಿ ಆಪಾನ ಕೂಡ ಮಾತಾಡ್ತಾರ. ದಿನಾ."

"ಯಾರು? ನಮ್ಮವ್ವ?" ಅವರು ಆ ಮನೆಯಲ್ಲೇ ಹುಟ್ಟಿ ಬೆಳೆದವರು. ನಂಬಲಿಲ್ಲ. ಮರುದಿನ ಅಂಗಡಿ ಮುಚ್ಚಿದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ, ಅರ್ಧಕ್ಕೆ ನಿಂತು ಕೇಳಿಸಿಕೊಂಡರು. ಮೇಲೆ ಅತ್ತೆ ಯಾವುದೋ ಮದುವೆಯಲ್ಲಿ ಹೋಳಿಗೆ ಸೀದ ಕಥೆ ಹೇಳುತ್ತಿದ್ದರು, ಆಚೆಯಿಂದ ಆಪಾ ಬಿದ್ದುಬಿದ್ದು ನಗುತ್ತಿದ್ದರು. ಶಿವರಾಜ ಹಾಗೆಯೇ ಇಳಿದು ಬಂದರು. "ಅವ್ವ ಇಷ್ಟ ಚಂದ ಮಾತಾಡ್ತಾಳ ಅಂತ ನನಗ ಗೊತ್ತೇ ಇರಲಿಲ್ಲ" ಎಂದರು. ಅವರ ಮುಖ ಸಣ್ಣದಾಗಿತ್ತು.

ಅಂದೇ ಸಂಜೆ ತಂದೆಯ ಮುಂದೆ ಆ ಮಾತು ತೆಗೆದರು. ಮಾವ ಚಹಾದ ಬಟ್ಟಲು ಕೆಳಗಿಟ್ಟರು. ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ನನಗ ಗೊತ್ತಿಲ್ಲಂತ ತಿಳದೀ ಏನ?" ಎಂದರು ಮಾವ. "ನೀ ಹುಟ್ಟೂಕಿಂತ ಮೊದಲಿಂದ ನಾ ಮಧ್ಯಾನ ಕೆಳಗ ಅಂಗಡ್ಯಾಗ ಗಾದಿ ಮ್ಯಾಲ ಮಲಗ್ತೀನಿ. ಬ್ಯಾಸಗಿ ಶೆಕಿಯೊಳಗ ಬಾಗಲಾ ಹಾಕ್ಕೊಂಡು ಅಲ್ಲಿ ಮಲಗಾಕ ನನಗೇನ್ ಹುಚ್ಚ ಹಿಡದದ? ಮ್ಯಾಲ ತಂಪ ಇರ್ತದಂತ ನನಗೂ ಗೊತ್ತದ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಆದ್ರ ಏನ್ ಮಾಡ್ಲಿ? ಆ ಕೂಸಿನ ಮುಖಾ ಕಣ್ಣಾಗಿಂದ ಹೋಗವಲ್ದು. ಗ್ವಾಡಿ ಕೆಳಗ ದಿನಾ ಮಂದಿ ನಿಂದರ್ತಾರ."

ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಬಾಗಿಲ ಚೌಕಟ್ಟಿಗೆ ನಿಂತು, ಗಂಡನನ್ನು ಒಂದು ಕ್ಷಣ ಹಾಗೆಯೇ ನೋಡಿದರು. ಆ ನೋಟ ನಾನು ಅದುವರೆಗೆ ಕಂಡಿರಲಿಲ್ಲ. "ಕೆಡವ್ರಿ" ಎಂದರು. "ಕೂಸಿನ ಜೀವಕ್ಕಿಂತ ಏನ್ ದೊಡ್ಡದು? ಆದ್ರ ಕೆಡವೂಕಿಂತ ಮೊದಲ ನಾ ಒಮ್ಮೆ ನೋಡ್ಬೇಕು."

"ಏನ್ ನೋಡ್ಬೇಕು?"

"ನಮ್ಮ ಮನಿ."

ಯಾರಿಗೂ ತಕ್ಷಣ ತಿಳಿಯಲಿಲ್ಲ. ಅತ್ತೆಯೇ ಬಿಡಿಸಿ ಹೇಳಿದರು. ಸೊಸೆಯಾಗಿ ಬಂದ ದಿನ ತಲೆ ಎತ್ತಿರಲಿಲ್ಲ. ಆಮೇಲೆ ಮುಂದಿನ ಬೀದಿಗೆ ಕಾಲಿಡಲಿಲ್ಲ. ಹಸೀನಾಳ ಮನೆಯ ಒಂದೊಂದು ಇಟ್ಟಿಗೆಯೂ ತನಗೆ ಗೊತ್ತು, ತನ್ನ ಮನೆಯ ಮುಖ ಮಾತ್ರ ಗೊತ್ತಿಲ್ಲ. "ಗಿಳಿ ಅದಾವಂತ ಆಕಿ ಹೇಳ್ತಾಳ. ನಾ ನೋಡಿಲ್ಲ."

ಮಾವ ಎದ್ದು ಬೀದಿ ದಾಟಿ ಖಾದರ್ ಸಾಬರ ಅಂಗಡಿಗೆ ಹೋದರು. ತಿರುಗಿ ಬಂದು, "ನಾಳೆ ಮಧ್ಯಾನ ಊಟಕ್ಕ ಅಲ್ಲೇ ಅಂತ" ಎಂದರು.

ಮರುದಿನ ಅತ್ತೆ ಇಳಕಲ್ ಸೀರೆ ಉಟ್ಟರು. ಹಿಂದಿನ ಬಾಗಿಲ ಕಡೆ ಹೊರಟವರನ್ನು ಮಾವ ತಡೆದರು. "ಹಿಂದಿಂದ ಯಾಕ? ಹಿಂಗ ಹೋಗ್ರಿ." ಗಾದಿಯ ಪಕ್ಕದ ಹಲಗೆ ಎತ್ತಿ ದಾರಿ ಮಾಡಿ ನಿಂತರು. ಅಂಗಡಿಯಲ್ಲಿದ್ದ ಗಿರಾಕಿಗಳು ಸರಿದರು. ಅತ್ತೆ ನನ್ನ ರಟ್ಟೆ ಹಿಡಿದಿದ್ದರು. ಕರಿಕಲ್ಲಿನ ಕಟ್ಟೆ ಇಳಿಯುವಾಗ ಆ ಹಿಡಿತ ಬಿಗಿಯಾಯಿತು. ಬೀದಿಯ ನಡುವೆ ತಲೆ ಎತ್ತಲಿಲ್ಲ. "ಈಗ ಬ್ಯಾಡ. ಮ್ಯಾಲ ಹೋಗಿ, ಕೂತು ನೋಡ್ತೀನಿ" ಎಂದರು.

ಖಾದರ್ ಸಾಬರ ಮಾಳಿಗೆಯಲ್ಲಿ ಬಿಳಿ ಹಚ್ಚಡ ಹಾಸಿದ್ದರು. ಹಸೀನಾ ಆಪಾ ನಾನು ಅಂದುಕೊಂಡದ್ದಕ್ಕಿಂತ ಕುಳ್ಳು, ದುಂಡು, ಮೂಗಿನ ಮೇಲೆ ಒಂದು ಮಚ್ಚೆ. ಇಬ್ಬರೂ ಎದುರು ಬದುರು ಕೂತರು. ಕೂತು, ಮಾತೇ ಬರಲಿಲ್ಲ! ಮದುವಣಗಿತ್ತಿಯರ ಹಾಗೆ ನೆಲ ನೋಡುತ್ತ ಸೆರಗಿನ ತುದಿ ತಿರುವುತ್ತಿದ್ದರು. ಕೊನೆಗೆ ಆಪಾ, "ನೀಲಕ್ಕಾ, ಅರಾಮ ಅದೀ ಏನ?" ಎಂದು, ಬೀದಿಯಾಚೆಗೆ ಕೂಗಿ ರೂಢಿಯಾದ ದನಿಯಲ್ಲಿ, ಕೂಗಿಬಿಟ್ಟರು. ಅತ್ತೆಯೂ ಅಷ್ಟೇ ಜೋರಾಗಿ, "ಅರಾಮ ಅದೀನಿ, ನೀ ಹ್ಯಾಂಗ ಅದೀ?" ಎಂದರು. ಇಬ್ಬರ ಮೊಣಕಾಲೂ ತಾಗುತ್ತಿದ್ದವು. ಆಪಾನ ಸೊಸೆ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತ ಒಳಗೆ ಓಡಿದಳು. ಆಮೇಲೆ ಅವರೂ ನಕ್ಕರು. ನಗುತ್ತ ನಗುತ್ತ ಆಪಾ ಅತ್ತೆಯ ಕೈ ಹಿಡಿದು ಜಾಲರಿಯ ಮುಂದೆ ಎಳೆದು ಕೂರಿಸಿದರು. "ಬಾ, ನನ್ನ ಜಾಗಾದಾಗ ಕೂಡು. ನಾ ದಿನಾ ನೋಡೂದು ನೋಡು."

ಅತ್ತೆ ಕಿಂಡಿಗೆ ಕಣ್ಣು ಹಚ್ಚಿದರು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ನೆನೆದ ಇಟ್ಟಿಗೆ ಕೆಂಡದಂತಿತ್ತು. ಒಂದು ಗಿಳಿ ಪೂರಾ ಇತ್ತು, ಇನ್ನೊಂದಕ್ಕೆ ಬಾಲವಿರಲಿಲ್ಲ. ನಡುವೆ ಅರಳಿ ಸಸಿ. ಕಮಲದ ಸಾಲುಗಳ ಕೆಳಗೆ ಹಾವಿನಂಥ ಬಿರುಕು. ಅತ್ತೆ, "ಇಷ್ಟ ಚಂದ ಅದ ಏನ" ಎಂದರು. ಆಮೇಲೆ, "ಆ ನಡುವಿನ ಹೂವಿಗೆ ಏನಾಗೇದ? ಕರ್ರಗ ಕಲಿ ಬಿದ್ದದಲ್ಲ?"

"ಅದೇನ್ ಕಲಿ ಅಲ್ಲ" ಎಂದರು ಆಪಾ. "ಅದು ನಿನ್ ಕೈ. ನೀ ಅಲ್ಲೇ ಹಿಡಕೊಂಡು ಕೂಡ್ತಿ. ಎಣ್ಣಿ ಕೈ, ಹಿಟ್ಟಿನ ಕೈ, ಎಲ್ಲಾ ಅಲ್ಲೇ ಒರಸ್ತಿ."

ಅತ್ತೆ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಕಣ್ಣು ತುಂಬಿ ಬಂತು. ಆಪಾ ಅವರ ಬೆನ್ನ ಮೇಲೆ ಕೈಯಿಟ್ಟರು.

ಮಳೆ ಹೊಳವಾದ ವಾರದಲ್ಲಿ ಕೆಲಸ ಶುರುವಾಯಿತು. ತುಕಾರಾಮ ಮೇಲಿನಿಂದ ಒಂದೊಂದೇ ಸಾಲು ಬಿಚ್ಚಿದ. ಬಾಲವಿಲ್ಲದ ಗಿಳಿ ಮುಟ್ಟಿದರೆ ಪುಡಿಯಾಯಿತು, ಇನ್ನೊಂದು ಹಗ್ಗ ಕಟ್ಟಿ ಇಳಿಸುವಾಗ ಎರಡಾಯಿತು. ಕಪ್ಪು ಕಲೆಯ ಕಮಲದಿಂದ ಮಾವ ಒಂದು ದಳ ಎತ್ತಿಕೊಂಡರು. ಅದನ್ನು ಒರೆಸಿ, ಅಂಗಡಿಯ ಹೊಸ ರವಿಕೆ ಖಣದಲ್ಲಿ ಸುತ್ತಿ, ತಾವೇ ಬೀದಿ ದಾಟಿ ಖಾದರ್ ಸಾಬರ ಕೈಗೆ ಕೊಟ್ಟು, "ಮ್ಯಾಲ ಕೊಡ್ರಿ" ಎಂದು ಬಂದರು. ಅತ್ತೆಗೆ ಹೇಳಲಿಲ್ಲ. ನಾನು ಕಂಡೆ.

ದಸರೆಯ ಹೊತ್ತಿಗೆ ಕೆಳಗಿನ ಕಮಾನುಗಳು ಹೊಸ ಗಚ್ಚು ಹಾಕಿಸಿಕೊಂಡು ಗಟ್ಟಿಯಾಗಿ ನಿಂತವು, ಮೇಲೆ ಬೀದಿಗೆ ತೆರೆದ ಗ್ಯಾಲರಿ, ಅಂಗಡಿಗೆ ಶಟರು ಆಯಿತು. ಗ್ಯಾಲರಿಗೆ ನೀಲಿ ಬಣ್ಣದ ಕಂಬಿಗಳ ಕಟಾಂಜನ. ಎಲ್ಲರೂ ಮಾಳಿಗೆಗೆ ಬೆಳಕು ಬಂತೆಂದರು. ಆದರೆ ಅತ್ತೆ ಅಲ್ಲಿಗೆ ಹೋಗಲಿಲ್ಲ. ಇಡೀ ಬಜಾರಿಗೆ ಕಾಣುವ ಹಾಗೆ ಹೇಗೆ ಕೂರುವುದು? ಒಮ್ಮೆ ಬಾಗಿಲವರೆಗೆ ಹೋಗಿ, ಕೆಳಗಿನಿಂದ ಯಾರೋ ತಲೆ ಎತ್ತಿದರೆಂದು ತಿರುಗಿ ಬಂದರು. ಎದುರಿನ ಕಮಲದಿಂದ ಹಸಿರು ಬಳೆಯ ಕೈ ಬಂದು, ಕಾದು, ಒಳಗೆ ಹೋಗುತ್ತಿತ್ತು. ನಾನು ಗ್ಯಾಲರಿಯಲ್ಲಿ ಬಟ್ಟೆ ಹಾಕುವಾಗ ಆಪಾ, "ಎಲ್ಲಿ ಆಕಿ?" ಎಂದು ಬೆರಳಲ್ಲೇ ಕೇಳುತ್ತಿದ್ದರು. ಅತ್ತೆ ಮತ್ತೆ ಮೊದಲಿನ ಮಾತಿಲ್ಲದ ಹೆಂಗಸಾದರು. ಮಧ್ಯಾಹ್ನ ಮಾಳಿಗೆಯ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಚಳಿ ಶುರುವಾದಾಗ ಸಣ್ಣ ಜ್ವರ ಹಿಡಿಯಿತು. ಔಷಧ ತಂದರು, ಜ್ವರ ಇಳಿಯಿತು, ಅವರು ಏಳಲಿಲ್ಲ.

ಒಂದು ದಿನ, ಅಂಗಡಿ ಇನ್ನೂ ತೆರೆದಿರುವಾಗಲೇ, ಬುರ್ಖಾ ತೊಟ್ಟ ಹೆಂಗಸೊಬ್ಬರು ಕಟ್ಟೆ ಹತ್ತಿ ಬಂದು ಗಿರಾಕಿಗಳ ನಡುವೆ ನಿಂತರು. ಗುಮಾಸ್ತ ಸೀರೆ ತೋರಿಸಲು ಎದ್ದ. ನಾನು ನೀರಿನ ತಂಬಿಗೆ ಹಿಡಿದು ಒಳಬಾಗಿಲಲ್ಲಿದ್ದೆ. "ಸೀರಿ ಬ್ಯಾಡ" ಎಂದಿತು ಪರಿಚಯದ ದನಿ. "ನಾ ಮ್ಯಾಲ ಹೋಗ್ಬೇಕು." ಮಾವ ಗಾದಿಯಿಂದ ಎದ್ದು ನಿಂತರು. ಅಷ್ಟು ವರ್ಷದಲ್ಲಿ ಅವರು ಆ ಹೆಂಗಸಿನೊಡನೆ ಒಂದು ಮಾತೂ ಆಡಿದವರಲ್ಲ. "ಬರ್ರಿ ಅಕ್ಕಾರ" ಎಂದು ಹಲಗೆ ಎತ್ತಿದರು. "ಆಕಿ ಯಾರ ಮಾತೂ ಕೇಳವಲ್ಲಳು. ನೀವರ ಹೇಳ್ರಿ."

ಆಪಾ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಒಳಕೋಣೆಗೆ ಬಂದು, ಬುರ್ಖಾ ತೆಗೆದು ಗೂಟಕ್ಕೆ ಹಾಕಿ, ಅತ್ತೆಯ ಚಾಪೆಯ ಮೇಲೆ ಕೂತರು. "ಏಳ್ತಿ ಇಲ್ಲ? ನಾ ಇಷ್ಟ್ ದೂರ ನಡದ್ ಬಂದೀನಿ." ಅತ್ತೆ ತಿರುಗಿ ನೋಡಿದರು. "ದೂರ ಎಲ್ಲದ? ಹತ್ತ ಹೆಜ್ಜಿ" ಎಂದರು. "ಹಂಗಂದ್ರ ನೀ ಯಾಕ ಬರಲಿಲ್ಲ?" ಎಂದರು ಆಪಾ. ಅತ್ತೆ ಮಗುವಿನ ಹಾಗೆ ಎದ್ದು ಕೂತರು. ಆಪಾ ತಂದ ಡಬ್ಬಿಯಿಂದ ಬಿಸಿ ಕಿಚಡಿ ತುತ್ತು ಮಾಡಿ ಬಾಯಿಗಿಟ್ಟರು. ಉಪ್ಪು ಕಡಿಮೆ ಎಂದು ಅತ್ತೆ, ನಾಲಗೆ ಕೆಟ್ಟಿದೆ ಎಂದು ಆಪಾ. ಅವರ ಜಗಳ ಕೇಳುತ್ತ ನಾನು ಚಹಾ ಮಾಡಲು ಇಳಿದೆ.

ಚಹಾ ತಂದಾಗ ಮಾತು ನಿಂತಿತ್ತು. ಇಬ್ಬರೂ ಅದೇ ಚಾಪೆಯ ಮೇಲೆ, ಒಂದೇ ಕಂಬಳಿ ಹೊದ್ದು, ನಿದ್ದೆ ಹೋಗಿದ್ದರು. ಆಪಾ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ನಾನು ಬಟ್ಟಲು ಕೆಳಗಿಟ್ಟು ಬಾಗಿಲಲ್ಲೇ ಕೂತೆ. ಕೆಳಗೆ ಮಧ್ಯಾಹ್ನದ ಬಿಡುವಿಗೆ ಅಂಗಡಿ ಮುಚ್ಚಿದ ಶಟರಿನ ಸದ್ದಾಯಿತು, ಆಮೇಲೆ ಮೆಟ್ಟಿಲ ಮೇಲೆ ಮಾವನ ಹೆಜ್ಜೆ. "ಯಾಕ, ಏನೂ ಕೇಳಸವಲ್ದಲ್ಲ?" ಎಂದು ಗಾಬರಿಯಿಂದ ಪಿಸುಗುಟ್ಟಿದರು. ನಾನು ಸರಿದು ತೋರಿಸಿದೆ. ಅವರು ಇಣುಕಿ ನೋಡಿದರು. ಕಂಬಕ್ಕೆ ಕೈಯಿಟ್ಟು, ಒಂದೊಂದೇ ಮೆಟ್ಟಿಲು ಇಳಿದರು.

ಅಂದು ಅಂಗಡಿ ತೆರೆಯುವ ಹೊತ್ತು ಮೀರಿತು. ಗ್ಯಾಲರಿಯಿಂದ ಬಗ್ಗಿ ನೋಡಿದೆ. ಆ ಹೊಸ ಶಟರು ಎತ್ತಿದರೆ ಇಡೀ ಬಜಾರಿಗೆ ಕೇಳುವಂತೆ ಗಡಗಡ ಎನ್ನುತ್ತಿತ್ತು. ಮಾವ ಅದನ್ನು ಮುಚ್ಚಿಯೇ ಇಟ್ಟು, ಹಿತ್ತಲ ಬಾಗಿಲಿನಿಂದ ಬಜಾರು ಸುತ್ತಿ ಬಂದು, ಹೊರಗೆ ಕಮಾನಿನ ಕೆಳಗೆ ಕಟ್ಟೆಯ ಮೇಲೆ ಕೂತಿದ್ದರು. ಎದುರಿನಿಂದ ಖಾದರ್ ಸಾಬರೂ ಬಂದು ಪಕ್ಕದಲ್ಲಿ ಕೂತರು. ಗಿರಾಕಿಯೊಬ್ಬ ಬಂದು ಸೀರೆ ಬೇಕೆಂದ. ಮಾವ ತುಟಿಯ ಮೇಲೆ ಬೆರಳಿಟ್ಟು, "ಜರಾ ತಡೀರಿ" ಎಂದು, ಅವನಿಗೂ ಕೂರಲು ಜಾಗ ಬಿಟ್ಟರು.